ಮಣಿಕಟ್ಟಿನ ಕೆಂಪು ಬಿಳಿ ದಾರ

"ಕತ್ತರಿ ಹಾಕಬೇಡಿ ಅಕ್ಕಾ... ದಮ್ಮಯ್ಯ!"

ರಾಲಿತ್ಸಾ ಎಡಗೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಳು.

"ಮೈಮೇಲೆ ದಾರ ಇಟ್ಕೊಂಡು ಆಪರೇಷನ್ನಿಗೆ ಹೋಗೋ ಹಾಗಿಲ್ಲ ಕಣಮ್ಮಾ," ಎಂದಳು ನರ್ಸ್ ಸ್ತೊಯಾಂಕಾ.

"ಹೂಬಿಟ್ಟ ಮರ ಕಣ್ಣಿಗೆ ಬೀಳೋ ಮುಂಚೆ ಬಿಚ್ಚಿದ್ರೆ ಒಳ್ಳೇದಾಗಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು? ಮಾರ್ಚ್ ಒಂದರಂದು ಒಳ್ಳೇದಾಗಲಿ ಎಂದು ಎಲ್ಲರೂ ಕಟ್ಟಿಕೊಂಡು, ಮೊದಲ ಹೂಮರ ಕಂಡಾಗ ಬಿಚ್ಚಿ ಅದರ ಕೊಂಬೆಗೇ ಕಟ್ಟುವ ಕೆಂಪು ಬಿಳಿ ದಾರ ಸ್ತೊಯಾಂಕಾಳ ಕೋಟಿನ ಮೇಲೂ ಇತ್ತು. ಆದರೆ ಕಿಟಕಿಯಾಚೆ ಸೋಫಿಯಾ ನಗರದ ತುಂಬ ಇನ್ನೂ ಹಿಮ. ಹೂವು ಎಲ್ಲಿಂದ ಬರಬೇಕು?

ಆ ದಾರ ಕಟ್ಟಿದವನು ಟ್ರಾಮ್ ಓಡಿಸುವ ಯಾಸೆನ್. ಕಟ್ಟಿದ ಸಂಜೆಯೇ ಅವಳು, "ನೀನು ನನಗೆ ಬೇಡ, ಇನ್ನು ಬರಬೇಡ," ಎಂದು ಅವನನ್ನು ಅಟ್ಟಿಬಿಟ್ಟಿದ್ದಳು. ಹುಟ್ಟಿದಾಗಿನಿಂದ ಅವಳ ಹೃದಯದ ಗೋಡೆಯಲ್ಲೊಂದು ತೂತಿತ್ತು. ಇಪ್ಪತ್ತೊಂಬತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. ಈಗ ಎದೆ ತೆರೆದು ಆ ತೂತು ಮುಚ್ಚಬೇಕು ಎಂದಿದ್ದರು ಡಾಕ್ಟರು. ಅದನ್ನು ಮಾತ್ರ ಅವನಿಗೆ ಹೇಳಲಿಲ್ಲ.

'ನಾನು ಏಳದೆ ಹೋದರೆ... ಅವನು ಅಳುವುದು ಬೇಡ. ಬೈದುಕೊಂಡೇ ಇರಲಿ.'

ಬೈದುಕೊಂಡನೋ ಏನೋ, ಆಮೇಲೆ ಅವನಿಂದ ಒಂದು ಫೋನೂ ಬರಲಿಲ್ಲ.

ಬಾಗಿಲ ಗಾಜಿನ ಮೇಲೆ ಯಾರೋ ತಟ್ಟಿದರು.

ಯಾಸೆನ್... ಕೈಯಲ್ಲಿ ಮೈತುಂಬ ಬಿಳಿ ಹೂಬಿಟ್ಟ ಪ್ಲಮ್ ಕೊಂಬೆ!

"ಒಳಗೆ ಹೂ ತರೋ ಹಾಗಿಲ್ಲ, ಅಲ್ಲೇ ನಿಲ್ಲು," ಎಂದು ಗದರಿದ ಸ್ತೊಯಾಂಕಾ ಬಾಗಿಲನ್ನು ಮಾತ್ರ ಪೂರ್ತಿ ತೆರೆದಳು.

"ಈ ಚಳೀಲಿ... ಇದೆಲ್ಲಿ ಸಿಕ್ತು?" ಎಂದಳು ರಾಲಿತ್ಸಾ.

"ನಿಮ್ಮಮ್ಮ ಎಲ್ಲಾ ಹೇಳಿದ್ರು. ಅವತ್ತೇ ಅಂಗಳದ ಮರದಿಂದ ಮೊಗ್ಗಿನ ಕೊಂಬೆ ಕಡಿದು, ನೀರಲ್ಲಿ ಹಾಕಿ ಬೆಚ್ಚಗೆ ಒಲೆ ಪಕ್ಕ ಇಟ್ಟೆ. ನೀನು ಬರಬೇಡ ಅಂದಿದ್ಯಲ್ಲ, ಬರೋಕೆ ನೆಪ ಬೇಕಿತ್ತು. ಇದೂ ನಿನ್ನಷ್ಟೇ ಮೊಂಡು. ಇವತ್ತು ಬೆಳಿಗ್ಗೆ ಅರಳ್ತು."

ರಾಲಿತ್ಸಾಳ ಕಣ್ಣು ತುಂಬಿ ಬಂತು. ತಾನೇ ಕೈ ಚಾಚಿದಳು.

"ಕತ್ತರಿಸಿ ಅಕ್ಕಾ. ಹೂ ನೋಡಿದೆ."

"ಇದಕ್ಕೇ ಇಷ್ಟೊತ್ತು ರಂಪ ಮಾಡಿದ್ಳು," ಎನ್ನುತ್ತ ಸ್ತೊಯಾಂಕಾ ಆ ದಾರವನ್ನು ಯಾಸೆನ್‌ನ ಅಂಗೈಯಲ್ಲಿಟ್ಟಳು.

* * *

ಎಚ್ಚರವಾದಾಗ ಎದೆ ಉರಿಯುತ್ತಿತ್ತು, ಗಂಟಲು ಒಣಗಿತ್ತು. ತೂತು ಮುಚ್ಚಿದೆ ಎಂದು ಹೇಳಲು ಬಂದ ಸರ್ಜನ್‌ರ ಕೈಯನ್ನು ಅವಳು ಬಹಳ ಹೊತ್ತು ಬಿಡಲೇ ಇಲ್ಲ. ಆ ಕೈಗಳ ಋಣ, ಗುಟ್ಟು ಬಿಟ್ಟುಕೊಟ್ಟ ಅಮ್ಮನ ಋಣ, ರಕ್ತ ಕೊಟ್ಟ ಯಾರೋ ಪುಣ್ಯಾತ್ಮರ ಋಣ... ಎಷ್ಟು ಜನರ ಋಣ ಈ ಉಸಿರಿನ ಮೇಲೆ!

ಮಂಚದ ಪಕ್ಕ ಯಾಸೆನ್ ಕೂತಿದ್ದ.

"ಬೇಡ ಅಂದಿದ್ದೆನಲ್ಲ... ಅದು ಸುಳ್ಳು ಕಣೋ."

"ಗೊತ್ತು. ಬೇಡದವನು ಕಟ್ಟಿದ ದಾರಕ್ಕೆ ಯಾರಾದ್ರೂ ಇಷ್ಟು ರಂಪ ಮಾಡ್ತಾರಾ?"

"ನಗಿಸಬೇಡ್ವೋ, ಹೊಲಿಗೆ ನೋಯುತ್ತೆ." ಉಸಿರು ಸುಧಾರಿಸಿಕೊಂಡು ಕೇಳಿದಳು, "ದಾರ ಮರಕ್ಕೆ ಕಟ್ಟಿದ್ಯಾ?"

"ಇಲ್ಲ." ಅವನು ಅಂಗಿಯ ಜೇಬು ಮುಟ್ಟಿಕೊಂಡ. "ಕಟ್ಟೋದು ನಿನ್ನ ಕೆಲಸ. ಮರ ನಮ್ಮನೆ ಅಂಗಳದಲ್ಲಿದೆ... ಬರ್ತೀಯಾ?"

"ಬಂದ್ರೆ ವಾಪಸ್ ಹೋಗಲ್ಲ, ನೋಡು."