ಭಾನುವಾರದ ಗುಂಡಿಗಳು

ನವೆಂಬರ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಪೊರಿರುವಾ ಪೊಲೀಸ್ ಠಾಣೆಯ ಬಾಗಿಲನ್ನು ಗಾಳಿ ತಳ್ಳಿತೋ ಲಿನೆಟ್ ಹಾರ್ಜೆಸ್ಟ್ ತಳ್ಳಿದಳೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಒಳಗೆ ನುಗ್ಗಿದವು. ಐವತ್ಮೂರರ ಹೆಂಗಸು, ಮೈಮೇಲೆ ನಿನ್ನೆ ತೊಟ್ಟ ಸಿಟಿ ಬಸ್ ಚಾಲಕಿಯ ಸಮವಸ್ತ್ರ, ಕಣ್ಣಿನ ಕೆಳಗೆ ಕಪ್ಪು. ಕೌಂಟರಿನಲ್ಲಿದ್ದ ಕಾನ್‌ಸ್ಟೆಬಲ್ ಕ್ರೇಗ್ ಡನ್‌ಸ್ಟರ್ ಹೆಸರು ಕೇಳುವ ಮೊದಲೇ ಆಕೆ ಶುರು ಮಾಡಿದಳು.

"ನನ್ನ ಹಿತ್ತಲಲ್ಲಿ ಯಾರೋ ಗುಂಡಿ ತೋಡ್ತಿದ್ದಾರೆ. ನಿನ್ನೆದು ನಾಲ್ಕನೇದು."

"ಏನಾದ್ರೂ ಕಳುವಾಗಿದ್ಯಾ?"

"ನಿದ್ದೆ."

ಕ್ರೇಗ್ ದೂರು ಬರೆದುಕೊಂಡ. ತೀರಾ ದಕ್ಷಿಣದ ಕುರಿ ಸೀಮೆಯಿಂದ ವರ್ಗವಾಗಿ ಬಂದು ಆರು ತಿಂಗಳಾಗಿದ್ದ ಹುಡುಗ. 'ಕಳುವಾದ ವಸ್ತು' ಎಂಬಲ್ಲಿ ನಿದ್ದೆ ಎಂದು ಬರೆಯಬಹುದೋ ಬಾರದೋ ಎಂದು ಒಂದು ಕ್ಷಣ ಪೆನ್ನು ಎತ್ತಿ ಹಿಡಿದ. ಲಿನೆಟ್ ಮಾತ್ರ ಹೇಳುತ್ತಲೇ ಹೋದಳು. ಮೂವತ್ತು ವರ್ಷ ಬಾಡಿಗೆ ಮನೆಯಲ್ಲೇ ಕಳೆದವಳು. ಮಾಲೀಕನಿಂದ ಒಂದು ಕಾಗದ ಬಂತೆಂದರೆ ಮತ್ತೆ ರಟ್ಟಿನ ಪೆಟ್ಟಿಗೆ, ಮತ್ತೆ ಟೆಂಪೋ. ಕೊನೆಗೆ ಜುಲೈನಲ್ಲಿ ರಿಮು ರಸ್ತೆಯ ತುದಿಯಲ್ಲಿ, ರಸ್ತೆ ಮುಗಿಯುವ ಕಡೆ, ಒಂದು ಸಣ್ಣ ಮರದ ಮನೆ ಕೊಂಡಳು. ಕೊಂಡಿದ್ದಕ್ಕೆ ಕಾರಣ ಒಂದೇ: ಅಲ್ಲಿ ಸದ್ದಿರಲಿಲ್ಲ. ದಿನವೆಲ್ಲ ಎಂಜಿನ್ ಮೇಲೆ ಕೂತವಳಿಗೆ ಅಷ್ಟು ಸಾಕಾಗಿತ್ತು.

ಈಗ ಆ ಸದ್ದಿಲ್ಲದ ಮನೆಯಲ್ಲೇ ಅವಳು ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಮಲಗುತ್ತಿದ್ದಳು. ಹಿತ್ತಲಲ್ಲಿ ಹೆಣವಿದೆಯೋ, ಪುಂಡರ ಗುಂಪು ಹೂತಿಟ್ಟ ಗಂಟಿದೆಯೋ ಗೊತ್ತಿಲ್ಲ. ಮನೆಯನ್ನು ಮತ್ತೆ ಮಾರಾಟಕ್ಕೆ ಹಾಕಲು ಏಜೆಂಟನಿಗೆ ಫೋನ್ ಕೂಡ ಮಾಡಿದ್ದಳು.

"ಇದು ಬಿಟ್ರೆ ಈ ಜನ್ಮದಲ್ಲಿ ಇನ್ನೊಂದು ಮನೆ ನನಗೆ ಸಿಗಲ್ಲಪ್ಪ," ಎಂದಳು. "ಆದ್ರೆ ಹೀಗೆ ಅಲ್ಲಿರೋಕೂ ಆಗ್ತಿಲ್ಲ."

ಹತ್ತೂವರೆಗೆ ಸಾರ್ಜೆಂಟ್ ನೈರೀ ಪಾಯೆವಾಯ್ ಕ್ರೇಗ್‌ನನ್ನು ಕರೆದುಕೊಂಡು ಸ್ಥಳ ಮಹಜರಿಗೆ ಹೊರಟರು. ಈ ನೆಲದ ಮೂಲನಿವಾಸಿ ಮಾವೊರಿ ಹೆಂಗಸು, ಈ ಊರಲ್ಲೇ ಇಪ್ಪತ್ತು ವರ್ಷ ಸೇವೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಬಿಸ್ಕತ್ತು ಮಾತ್ರ ಸದಾ ಜೇಬಿನಲ್ಲಿ. ಹಿತ್ತಲು ಎಂದರೆ ಒಂದು ಹುಲ್ಲುಹಾಸು, ಮೂಲೆಯಲ್ಲಿ ತಗಡಿನ ಶೆಡ್ಡು, ಅಡುಗೆಮನೆಯ ಮೆಟ್ಟಿಲ ಬಳಿ ಗೂಟ ಬಡಿದು ಎಳೆದ ದಾರ. ಮುಂದಿನ ವಾರದ ಮಂಗಳವಾರ ಅಲ್ಲಿ ಕಾಂಕ್ರೀಟು ಹಾಕಿಸಿ ಕೂರುವ ಕಟ್ಟೆ ಮಾಡಿಸುವುದಿತ್ತಂತೆ. ನಾಲ್ಕು ಗುಂಡಿಗಳೂ ದಾರದ ಆಚೀಚೆಯೇ ಇದ್ದವು. ಗುಂಡಿ ಎಂದರೆ ಗುಂಡಿಯೂ ಅಲ್ಲ. ಹುಲ್ಲನ್ನು ಚೌಕವಾಗಿ ಕತ್ತರಿಸಿ ಎತ್ತಿ, ಮಣ್ಣು ತೋಡಿ, ಮತ್ತೆ ತುಂಬಿ, ಹುಲ್ಲನ್ನು ಹಾಗೇ ಕೂರಿಸಿದ್ದರು. ಕ್ರೇಗ್ ಬಗ್ಗಿ ಬೆರಳಾಡಿಸಿದ. ಸುತ್ತಲಿನ ಹುಲ್ಲಿನ ಮೇಲೆ ಒಂದು ಹಿಡಿ ಮಣ್ಣೂ ಚೆಲ್ಲಿರಲಿಲ್ಲ.

"ಟಾರ್ಪಾಲಿನ ಮೇಲೆ ಮಣ್ಣು ಹಾಕ್ಕೊಂಡಿದ್ದಾನೆ, ಸಾರ್ಜ್. ಕಳ್ಳ ಇಷ್ಟು ನೀಟಾಗಿ ತೋಡ್ತಾನಾ?"

"ಕಳ್ಳ ತೋಡಲ್ಲ. ತೋಡೋದೇ ಕಸುಬಾದವನು ತೋಡ್ತಾನೆ."

ಪಕ್ಕದ ಮನೆಯ ಬೆವನ್ ಕಾಟಲ್ ಬೇಲಿಯ ಮೇಲೆ ಗಲ್ಲ ಊರಿ ನಿಂತು ಎಲ್ಲ ನೋಡುತ್ತಿದ್ದ. ಈ ಮನೆಯನ್ನು ತನ್ನ ಮಗಳಿಗೆಂದು ಕೊಳ್ಳಲು ನೋಡಿ ಸೋತವನು. ಪುಂಡರ ಗಂಟಿನ ಕತೆ ಹುಟ್ಟಿಸಿದವನೂ ಅವನೇ. ನೈರೀ ಅವನನ್ನು ವಿಚಾರಿಸಿದರು. ಹೊಸಬಳನ್ನು ಹೆದರಿಸಿ ಓಡಿಸುವ ಉದ್ದೇಶವಿತ್ತೇ ಎಂದು ನೇರವಾಗಿಯೇ ಕೇಳಿದರು. ಅವನು ತನ್ನ ಎರಡು ಊರುಗೋಲುಗಳನ್ನು ಬೇಲಿಯ ಮೇಲೆ ಎತ್ತಿ ತೋರಿಸಿದ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು. "ಸಲಿಕೆ ಬಿಡಿ, ಚಮಚ ಎತ್ತೋಕೂ ಹೆಂಡ್ತೀನ ಕರೀತೀನಿ," ಎಂದ. ಏನಾದರೂ ಸದ್ದು ಕೇಳಿಸಿತೇ ಎಂದರೆ, ಭಾನುವಾರ ಕಿವಿಯ ಯಂತ್ರ ತೆಗೆದಿಡುತ್ತೇನೆ, ಆ ದಿನ ಹೆಂಡತಿಗೆ ಮಾತು ಜಾಸ್ತಿ ಎಂದ.

ಮಧ್ಯಾಹ್ನ ಏಜೆಂಟ್ ಡೀನ್ ಸ್ಟ್ರೋಬೆಲ್‌ನ ಹೇಳಿಕೆ ಪಡೆದರು. ಮನೆ ತೋರಿಸುವ ಮುನ್ನ ಹಿತ್ತಲು ದೊಡ್ಡದಾಗಿ ಕಾಣಲೆಂದು ಅವನು ಹಳೆಯದನ್ನೆಲ್ಲ ತೆಗೆಸಿದ್ದ. ಶೆಡ್ಡನ್ನು ಮೂಲೆಗೆ ಸರಿಸಿದ್ದ. ಕೊಡೆಯ ಹಾಗೆ ಬಿಚ್ಚಿ ತಿರುಗಿಸುವ ಬಟ್ಟೆ ಒಣಹಾಕುವ ಕಂಬವನ್ನು ಬುಡಸಮೇತ ಕಿತ್ತು, ಮೇಲೆ ಚಾಪೆಯ ಹಾಗೆ ಸುತ್ತಿ ತಂದ ಹೊಸ ಹುಲ್ಲು ಹಾಸಿಸಿದ್ದ. ಅಲ್ಲಿ ಯಾರೂ ಏನನ್ನೂ ಹುಗಿದದ್ದು ಅವನಿಗೆ ಗೊತ್ತಿಲ್ಲ. ಹಿಂದೆ ಬಾಡಿಗೆಗಿದ್ದವರು ಯಾರೆಂದರೆ, ಹದಿನೈದು ವರ್ಷದಲ್ಲಿ ಎಷ್ಟೋ ಸಂಸಾರ ಬಂದು ಹೋದವು ಎಂದ. ಮಾಲೀಕ ಆಸ್ಟ್ರೇಲಿಯಾ ಸೇರಿದ್ದ, ಫೋನಿಗೆ ಸಿಗಲಿಲ್ಲ.

ಠಾಣೆಗೆ ಹಿಂತಿರುಗುವಾಗ ನೈರೀ ರಿಮು ರಸ್ತೆಯ ಬಾಯಲ್ಲಿ ಕಾರು ನಿಲ್ಲಿಸಿದರು. ಗಾಳಿಗೆ ಕಾರೇ ಅಲುಗುತ್ತಿತ್ತು.

"ಲಿನೆಟ್‌ಗೆ ಬೆಳಗಿನ ಪಾಳಿ ಇರೋದು ಭಾನುವಾರ ಮಾತ್ರ. ಉಳಿದ ದಿನ ಮಧ್ಯಾಹ್ನದ ಪಾಳಿ, ಆಗೆಲ್ಲ ಬೀದೀಲಿ ಜನ. ಭಾನುವಾರ ಬೆಳಿಗ್ಗೆ ಈ ಬೀದೀಲಿ ಯಾರಿರ್ತಾರೆ?"

"ಯಾರೂ ಇರಲ್ಲ, ಸಾರ್ಜ್. ಎಲ್ಲಾ ಚರ್ಚಲ್ಲಿರ್ತಾರೆ."

"ಹಾಗಾದ್ರೆ ಚರ್ಚಲ್ಲಿ ಇರಬೇಕಾದವನು ಯಾರು ಅಲ್ಲಿಲ್ಲ?"

ಹಾಗಾಗಿ ಒಂದು ವಾರ ಪೊಲೀಸ್ ವಾಹನ ದೇವರ ಮನೆಗಳನ್ನು ಸುತ್ತಿತು. ಆ ಬಡಾವಣೆಯಲ್ಲಿ ಚರ್ಚುಗಳಿಗೇನು ಬರ. ಟೋಂಗಾದವರದ್ದು ಒಂದು, ಕುಕ್ ದ್ವೀಪದವರದ್ದು ಒಂದು, ಸಮೋವಾದವರದ್ದು ಮೂರು. ಮೂರರಲ್ಲಿ ಎರಡು ಪರಸ್ಪರ ಮಾತಾಡುತ್ತಿರಲಿಲ್ಲ. ಕ್ರೇಗ್ ಹೋದಲ್ಲೆಲ್ಲ ತಟ್ಟೆ ತುಂಬ ತಿಂಡಿ ಕೊಟ್ಟರು, ಮಾಹಿತಿ ಕೊಡಲಿಲ್ಲ. ಶುಕ್ರವಾರ ಸಂಜೆ ಸಮೋವಾದವರ ಮೂರನೇ ಚರ್ಚಿನಲ್ಲಿ ಹಾಡಿನ ತಾಲೀಮು ನಡೆದಿತ್ತು. ಹಾಡು ನಡೆಸುತ್ತಿದ್ದ ಪಾದ್ರಿಯಮ್ಮ ಬೀಸಣಿಗೆ ಆಡಿಸುತ್ತ ನೈರೀಯ ಪ್ರಶ್ನೆ ಕೇಳಿಸಿಕೊಂಡರು. ಉತ್ತರ ಕೊಡುವ ಮೊದಲು ದೂರು ಹೇಳಿದರು: ಕ್ರಿಸ್ಮಸ್ ಹತ್ತಿರ ಬಂತು, ಗಂಡಸರ ಸಾಲಿನಲ್ಲಿ ತಗ್ಗು ದನಿ ಹಿಡಿಯುವವನೇ ಇಲ್ಲ, ಹಾಡೆಲ್ಲ ಗಾಳಿಪಟದ ಹಾಗೆ ಮೇಲೇ ಹಾರಾಡುತ್ತಿದೆ.

"ಯಾಕೆ, ಹಿಡೀತಿದ್ದವರು ಎಲ್ಲಿ?" ಎಂದರು ನೈರೀ.

"ಎಟುವಾಲೆ ಮತಾವಾಯ್. ನಾಲ್ಕು ಭಾನುವಾರದಿಂದ ಮಂಡಿ ನೋವಂತೆ. ಹೆಂಡ್ತಿ ಮಕ್ಕಳನ್ನ ಬಸ್ ಹತ್ತಿಸೋಕೆ ಸ್ಟಾಪಿನ ತನಕ ನಡೀತಾನೆ. ಅಲ್ಲಿಂದ ಮುಂದಕ್ಕೆ ಮಂಡಿ ನೋಯತ್ತೆ." ಪಾದ್ರಿಯಮ್ಮ ಬೀಸಣಿಗೆ ನಿಲ್ಲಿಸಿದರು. "ವಾರವೆಲ್ಲ ಕಾಲುವೆ ತೋಡ್ತಾನಮ್ಮ, ಆಗ ಎಲ್ಲಿರತ್ತೋ ಆ ನೋವು."

ಎಟುವಾಲೆ ನೀರಿನ ಪೈಪು ಹಾಕುವ ಗುತ್ತಿಗೆದಾರನ ಬಳಿ ಕೆಲಸಕ್ಕಿದ್ದ. ರಿಮು ರಸ್ತೆಗೆ ಎರಡು ಬೀದಿ ಆಚೆ ಬಾಡಿಗೆ ಮನೆ. ಹೋಗಿ ಹಿಡಿಯೋಣವೇ ಎಂದ ಕ್ರೇಗ್. ಮಂಡಿ ನೋವಿಗೆ ಕಾನೂನಿನಲ್ಲಿ ಶಿಕ್ಷೆಯಿಲ್ಲ ಎಂದರು ನೈರೀ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಲಿನೆಟ್‌ಳ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೂತರು. ಕಾಯುವುದೆಂದರೆ ಕ್ರೇಗ್‌ಗೆ ಮೈ ಕಡಿತ. ಎದ್ದ, ಕೂತ, ತಗಡಿನ ಸಂದಿಯಲ್ಲಿ ಇಣುಕಿದ, ಪೆಟ್ರೋಲು ವಾಸನೆ ಎಂದ. ನೈರೀ ಒಂದು ಬಿಸ್ಕತ್ತು ಕೊಟ್ಟು ಬಾಯಿ ಮುಚ್ಚಿಸಿದರು. ದೂರದಲ್ಲಿ ಬಸ್ಸು ಗೇರು ಬದಲಿಸಿ ಏರು ಹತ್ತಿದ ಸದ್ದು ಕೇಳಿತು. ಅದಾಗಿ ಹತ್ತು ನಿಮಿಷಕ್ಕೆ ಬೇಲಿಯ ಬಾಗಿಲು ತೆರೆದು ಒಬ್ಬ ಭಾರೀ ಎತ್ತರದ ಮನುಷ್ಯ ಬಂದ. ಮಡಿಚಿದ ಟಾರ್ಪಾಲು, ಸಲಿಕೆ, ಒಂದು ಕಬ್ಬಿಣದ ಸಲಾಕೆ. ಗೂಟಗಳ ನಡುವೆ ನಿಂತು ಸಲಾಕೆಯನ್ನು ನೆಲಕ್ಕೆ ಚುಚ್ಚಿದ, ಕೈಯಿಂದ ಅದುರು ಕೇಳುವವನ ಹಾಗೆ ತಲೆ ಓರೆ ಮಾಡಿದ, ಕಿತ್ತ, ಒಂದು ಗೇಣು ಪಕ್ಕಕ್ಕೆ ಚುಚ್ಚಿದ. ಹಾಗೆ ಎಷ್ಟೋ ಸಲ. ಆಮೇಲೆ ಹುಲ್ಲನ್ನು ಚೌಕವಾಗಿ ಕತ್ತರಿಸತೊಡಗಿದ.

ಇಬ್ಬರೂ ಹೊರಬಂದಾಗ ಅವನು ಓಡಲಿಲ್ಲ. ಸಲಿಕೆಯನ್ನು ಮೆಲ್ಲಗೆ ಟಾರ್ಪಾಲಿನ ಮೇಲೆ ಮಲಗಿಸಿದ.

"ಏನು ಹುಡುಕ್ತಿದ್ದೀಯ?" ನೈರೀ ಕೇಳಿದರು.

"ಏನಿಲ್ಲ."

"ಏನಿಲ್ಲದ್ದಕ್ಕೆ ಐದು ಗುಂಡಿಯಾ?"

ಅವನು ಎರಡೂ ಕೈ ಮುಂದೆ ಚಾಚಿದ. "ಕಳ್ಳ ಅಂತ ಬರ್ಕೊಳ್ಳಿ ಅಕ್ಕ. ಒಪ್ಕೋತೀನಿ. ಸಿಯೇನಿಗೆ ಮಾತ್ರ ಹೇಳಬೇಡಿ."

ಸಿಯೇನಿ ಎಂದರೆ ಅವನ ಹೆಂಡತಿ. ಅತಿಕ್ರಮ ಪ್ರವೇಶ ಮತ್ತು ಉದ್ದೇಶಪೂರ್ವಕ ಹಾನಿಗಾಗಿ ನಿನ್ನನ್ನು ಬಂಧಿಸುತ್ತಿದ್ದೇನೆ ಎಂದು ನೈರೀ ವಿಧಿವತ್ತಾಗಿ ಹೇಳಿದರು. ವಕೀಲನನ್ನು ಕರೆಯಬಹುದು, ಸುಮ್ಮನಿರಬಹುದು ಎಂದೂ ಓದಿ ಹೇಳಿದರು. ವೇಳೆ ಒಂಬತ್ತು ಐವತ್ತೈದು. ಕಳ್ಳ ಎನ್ನಿಸಿಕೊಂಡರೂ ಸರಿ, ಹೆಂಡತಿಗೆ ತಿಳಿಯಬಾರದು ಎನ್ನುವವನನ್ನು ಕ್ರೇಗ್ ಇದುವರೆಗೆ ಕಂಡಿರಲಿಲ್ಲ. ನೈರೀ ಅವನ ಪಕ್ಕ ಟಾರ್ಪಾಲಿನ ಮೇಲೆಯೇ ಕೂತರು. ಅವನಾಗಿಯೇ ಬಾಯಿಬಿಟ್ಟ.

ಹನ್ನೊಂದು ವರ್ಷದ ಹಿಂದೆ ಅವನೂ ಸಿಯೇನಿಯೂ ಈ ಮನೆಯಲ್ಲಿ ಬಾಡಿಗೆಗಿದ್ದರು. ಮಗಳು ಟಲಾ ಹುಟ್ಟಿದ್ದು ಆಗ. ಹೆರಿಗೆಯ ಮಾಸನ್ನು, ಹೊಕ್ಕುಳಬಳ್ಳಿಯ ಸಮೇತ, ಆಸ್ಪತ್ರೆಯವರು ಐಸ್‌ಕ್ರೀಮಿನ ಬಿಳಿ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಸಮೋವಾದವರ ಪದ್ಧತಿಯಂತೆ ಅದನ್ನು ತಮ್ಮ ನೆಲದಲ್ಲಿ ಹೂಳಬೇಕು. ಮಗು ಎಲ್ಲೇ ಅಲೆದರೂ ಕಾಲು ಒಂದು ಕಡೆ ನಿಲ್ಲುವುದು ಅದರಿಂದ. ಆದರೆ ನೆಲ ತಮ್ಮದಲ್ಲವಲ್ಲ. ಬಾಡಿಗೆ ಹಿತ್ತಲಿಗೆ ಮಗಳನ್ನು ಹೇಗೆ ಒಪ್ಪಿಸುವುದು? ಸದ್ಯಕ್ಕೆಂದು ಡಬ್ಬಿಸಮೇತ ಬಟ್ಟೆ ಕಂಬದ ಬುಡದಲ್ಲಿ ಹೂತ. ಎರಡು ವರ್ಷದಲ್ಲಿ ಸ್ವಂತ ಮನೆ ಕೊಳ್ಳುವುದು, ಆಗ ತೆಗೆದು ಸರಿಯಾಗಿ ಮಣ್ಣು ಮಾಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ನಾಲ್ಕನೇ ವರ್ಷ ಮಾಲೀಕ ಖಾಲಿ ಮಾಡಿಸಿದ. ತೆಗೆದೆಯಾ ಎಂದಳು ಸಿಯೇನಿ. ಹೊರಗೆ ಮಳೆ, ಲಾರಿಯವನ ಅವಸರ. ತೆಗೆದೆ ಎಂದುಬಿಟ್ಟ. ಆಮೇಲೆ ಅಪ್ಪನ ಸಾವಿಗೆಂದು ಸಮೋವಾಕ್ಕೆ ಹೋಗಿ ಬಂದವನು, ಅಲ್ಲೇ ಮನೆಯ ಹಿಂದೆ ಹೂತು ಬಂದೆ ಎಂದು ಎರಡನೆಯ ಸುಳ್ಳನ್ನೂ ಸೇರಿಸಿದ.

"ಹೋದ ತಿಂಗಳು ಈ ದಾರಿಲಿ ಹೋಗ್ತಾ ಗೂಟ, ದಾರ ನೋಡಿದೆ. ಕಾಂಕ್ರೀಟು ಬೀಳತ್ತೆ ಅಂತ ಗೊತ್ತಾಯ್ತು. ನನ್ನ ಕಸುಬೇ ಅದಲ್ವಾ. ಒಂದ್ಸಲ ಬಿತ್ತು ಅಂದ್ರೆ ಮುಗೀತು." ಅವನು ಅಂಗೈಯ ಮಣ್ಣು ಉಜ್ಜಿದ. "ಕಂಬ ಇಲ್ಲ, ಶೆಡ್ಡು ಇದ್ದ ಕಡೆ ಇಲ್ಲ. ನಾನು ಹೂತಿದ್ದು ನನಗೇ ಸಿಗ್ತಿಲ್ಲ."

"ಮನೆಯಾಕೆನ ಕೇಳಬಹುದಿತ್ತು," ಎಂದ ಕ್ರೇಗ್.

"ಕೇಳಿದ್ರೆ ಆಕೆ ಬಸ್ಸಲ್ಲಿ ಸಿಯೇನಿ ಹತ್ರ ಮಾತಾಡಲ್ವಾ? ದಿನಾ ಅವಳ ಬಸ್ಸೇ. ಭಾನುವಾರ ಆಕೆ ಡ್ರೈವರ್ ಸೀಟಲ್ಲಿ ಕೂತಿರೋದು ನೋಡ್ಕೊಂಡೇ ಇಲ್ಲಿಗೆ ಬರ್ತಿದ್ದೆ."

ಅವನನ್ನು ಕಾರಿನಲ್ಲಿ ಕೂರಿಸಿ ನೈರೀ ಸಿಯೇನಿಯನ್ನು ಕಳಿಸಿಕೊಡಿ ಎಂದು ಚರ್ಚಿಗೆ ಫೋನ್ ಮಾಡಿದರು. ಕ್ರೇಗ್ ಮೆಲ್ಲಗೆ ಕೇಳಿದ, ಹನ್ನೊಂದು ವರ್ಷವಾದ ಮೇಲೂ ಇದಕ್ಕೆಲ್ಲ ಬೆಲೆ ಇದೆಯೇ ಎಂದು.

"ನನ್ನ ಮಾಸು ನಮ್ಮಜ್ಜಿ ಊರಿನ ಗುಡ್ಡದಲ್ಲಿದೆ. ನನ್ನ ಮಕ್ಕಳದ್ದೂ ಅಲ್ಲೇ. ನಿನ್ನದು?"

"ಆಸ್ಪತ್ರೆಯವರು ಸುಟ್ಟಿರಬೇಕು, ಸಾರ್ಜ್."

"ಅದಕ್ಕೇ ನೀನು ಒಂದು ಕಡೆ ಕೂರಲ್ಲ."

ಸಿಯೇನಿಯನ್ನು ಪಾದ್ರಿಯ ಕಾರು ತಂದು ಬಿಟ್ಟಿತು. ಬಿಳಿ ಉಡುಗೆ, ಬಿಳಿ ಟೋಪಿ. ನೈರೀ ಹೇಳಿದ್ದನ್ನೆಲ್ಲ ಗೇಟಿನ ಹೊರಗೇ ನಿಂತು ಕೇಳಿಸಿಕೊಂಡಳು. ಒಳಗೆ ಬನ್ನಿ ಎಂದರೆ, ಮನೆಯೊಡತಿ ಬರಲಿ ಎಂದಳು. ಪೊಲೀಸ್ ಕಾರಿನ ಕಡೆ ಒಮ್ಮೆಯೂ ತಿರುಗಲಿಲ್ಲ. ಗಾಳಿಗೆ ಟೋಪಿ ಹಾರದಂತೆ ಒಂದು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

ಲಿನೆಟ್ ಪಾಳಿ ಮುಗಿಸಿ ಬಂದವಳು ಮೊದಲು ಕಾರಿನ ಕಿಟಕಿಗೇ ಹೋದಳು. ಅವನ ಮುಖ ಕಂಡು ಗುರುತು ಹತ್ತಿತು.

"ಇಳಿಯೋವಾಗೆಲ್ಲ ಥ್ಯಾಂಕ್ಸ್ ಡ್ರೈವರ್ ಅಂತಿದ್ದವನು ನೀನೇ ಅಲ್ವಾ? ತಿಂಗಳಿಡೀ ಬಾಗಿಲಿಗೆ ಕುರ್ಚಿ ಇಟ್ಕೊಂಡು ಮಲಗಿದೀನಿ, ಮಾರಾಯ."

ನೈರೀ ಆಕೆಗೆ ವಿಷಯ ತಿಳಿಸಿದರು. ಲಿನೆಟ್‌ಳ ಸಿಟ್ಟು ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಸಿಯೇನಿಗೆ ಚಹಾ ಬೇಕೇ ಎಂದಳು. ಸಿಯೇನಿ ಚಹಾ ಬೇಡವೆಂದಳು. ನಿಮ್ಮ ಅಡುಗೆಮನೆಯ ಸಿಂಕಿನ ಮುಂದೆ ಒಂದು ನಿಮಿಷ ನಿಲ್ಲಲೇ ಎಂದು ಕೇಳಿದಳು.

ಆ ಸಿಂಕಿನ ಮುಂದೆ ಅವಳು ನಾಲ್ಕು ವರ್ಷ ನಿಂತಿದ್ದಳು. ಮಗಳ ಬಟ್ಟೆ ತೊಳೆಯುತ್ತ, ಕಂಬವನ್ನೇ ನೋಡುತ್ತ. ಈಗಲೂ ಹಾಗೇ ನಿಂತು, ಬೇಲಿಯಾಚೆಯ ಕಾಟಲ್‌ನ ಚಿಮಣಿ ಕಿಟಕಿಯ ಎಡ ಅಂಚಿಗೆ ತಾಗುವವರೆಗೆ ಮೈ ವಾಲಿಸಿ, ಕಂಬವಿದ್ದ ಕಡೆಗೆ ಬೆರಳು ಚಾಚಿದಳು. ಕ್ರೇಗ್ ಹೊರಗೆ ಅವಳು ಹೇಳಿದ ಕಡೆ ಸಲಾಕೆ ಚುಚ್ಚಿದ. ಎಟುವಾಲೆಯ ಗುಂಡಿಗಳಿಂದ ಎರಡು ಮಾರು ಆಚೆ. ಮೊಣಕಾಲುದ್ದ ತೋಡಿದಾಗ ಬಿಳಿ ಮುಚ್ಚಳ ಕಂಡಿತು.

ಡಬ್ಬಿಯನ್ನು ಸಿಯೇನಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಬಿಳಿ ಉಡುಗೆಗೆ ಮಣ್ಣಾಯಿತು. ಲಿನೆಟ್ ಎದುರಿಗೆ ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದಳು. ಸಿಯೇನಿ ಮುಚ್ಚಳದ ಮಣ್ಣು ಒರೆಸಿದಳು. ಈಗಿನ ಮನೆಯೂ ಬಾಡಿಗೆಯದೇ.

"ಇಲ್ಲೇ ಇರಲಿ," ಎಂದಳು ಲಿನೆಟ್. "ಡಬ್ಬಿ ಬೇಡ. ಕಟ್ಟೆ ಆ ಕಡೆ ಮಾಡಿಸ್ತೀನಿ."

"ನೀವು ಇದನ್ನ ಮಾರೋರಿದ್ದೀರಂತೆ. ಸಾರ್ಜೆಂಟ್ ಹೇಳಿದ್ರು."

"ಹೌದು. ನೆಲದಲ್ಲಿ ಏನಿದೆಯೋ ಅಂತ ಹೆದರಿದ್ದೆ." ಲಿನೆಟ್ ಡಬ್ಬಿಯನ್ನೇ ನೋಡಿದಳು. "ಈಗ ಗೊತ್ತಾಯ್ತಲ್ಲ. ಇನ್ನು ಈ ಬಾಗಿಲಿಂದ ನನ್ನ ಹೆಣನೇ ಹೋಗೋದು."

"ಟಲಾ ನೋಡೋಕೆ ಬರ್ತಾಳೆ. ದೊಡ್ಡೋಳಾದ ಮೇಲೂ ಬರ್ತಾಳೆ."

"ಬರಲಿ. ಭಾನುವಾರ ಮಾತ್ರ ಬೇಡ, ನನಗೆ ಡ್ಯೂಟಿ."

ಸಿಯೇನಿ ಟೋಪಿ ತೆಗೆದು ಮೆಟ್ಟಿಲ ಮೇಲಿಟ್ಟಳು.

ಕಾರಿನ ಹಿಂದಿನ ಸೀಟಿನಿಂದ ಎಟುವಾಲೆಗೆ ಬೇಲಿಯ ಸಂದಿಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನೈರೀ ಮುಂದಿನ ಸೀಟಿನಲ್ಲಿ ಕೂತು ವರದಿ ಬರೆಯುತ್ತಿದ್ದರು. ದೂರುದಾರಳು ಮೊಕದ್ದಮೆ ಮುಂದುವರಿಸಲು ಒಪ್ಪಿಲ್ಲ, ಎಚ್ಚರಿಕೆ ಕೊಟ್ಟು ಬಿಡಲಾಗುವುದು ಎಂದು ಬರೆದರು. ಆಮೇಲೆ ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿಗೆ ಬಂದರು. ಸ್ವಂತ ಮನೆಯಾದ ದಿನ ಮಾಡುತ್ತೇನೆಂದು ಎತ್ತಿಟ್ಟ ಕೆಲಸ. ಆ ದಿನ ಬಾರದಿದ್ದುದು. ಅಷ್ಟೇ ಬರೆದರು. ಹೆಂಡತಿಯ ಹತ್ತಿರ ಹೋಗುತ್ತೀಯಾ ಎಂದು ಅವನನ್ನು ಕೇಳಿದರೆ, ಅವಳು ಕರೆಯಲಿ ಎಂದ.

ಅವಳು ಕರೆಯಲಿಲ್ಲ. ಮಣ್ಣಾದ ಕೈಯಲ್ಲಿ ಬಂದು ಕಿಟಕಿಯ ಗಾಜು ತಟ್ಟಿದಳು.

"ಇಳಿ," ಎಂದಳು. "ಮುಚ್ಚೋದು ನಿನ್ನ ಕೆಲಸ."