ಎಡದಿಂದ ನಾಲ್ಕನೆಯವನು

"ಅಣ್ಣಾ, ಗಾಡಿ ನಿಲ್ಸಿ! ನಿಲ್ಸಿ ಅಣ್ಣಾ!"

ಆಟೋ ಇನ್ನೂ ಪೂರ್ತಿ ನಿಂತಿರಲಿಲ್ಲ, ಸುಕನ್ಯ ಇಳಿದೇಬಿಟ್ಟಿದ್ದಳು. ಹಲಸೂರು ಕೆರೆಯ ಪಕ್ಕದ ಕಂಬಕ್ಕೆ ಕಟ್ಟಿದ್ದ ಫ್ಲೆಕ್ಸಿನ ಕೆಳಗೆ ಓಡಿ ಬಂದು ನಿಂತಳು.

'ಭಾವಪೂರ್ಣ ಶ್ರದ್ಧಾಂಜಲಿ.'

ಅದರ ಕೆಳಗೆ, ಎರಡು ದೀಪಗಳ ಚಿತ್ರದ ನಡುವೆ, ಹದಿನಾರು ವರ್ಷದ ಪ್ರೇಮ್‌ಕುಮಾರನ ಮುಖ!

ಅದೇ ಎಣ್ಣೆ ಹಚ್ಚಿ ಒತ್ತಿ ಬಾಚಿದ ಕ್ರಾಪು. ನಗಬೇಕೋ ಬೇಡವೋ ಎಂದು ಗೊತ್ತಾಗದ ಅದೇ ತುಟಿ. ಹೆಸರಿದ್ದ ಜಾಗವನ್ನು ಹೊಂಗೆ ಮರದ ಕೊಂಬೆ ಮುಚ್ಚಿತ್ತು. ಹೆಸರು ಯಾರಿಗೆ ಬೇಕು? ಹನ್ನೊಂದು ವರ್ಷದಿಂದ ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತಿದ್ದ ಮುಖ ಅದು. ಇಂದಿರಾನಗರದ ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷೆ ಮಾಡುವ ಸುಕನ್ಯ, ತನ್ನ ಕಣ್ಣು ಇವತ್ತೊಂದು ದಿನ ಸುಳ್ಳು ಹೇಳಲಿ ಎಂದು ಬೇಡಿಕೊಂಡಳು.

ಕೆಳಗಿನ ಸಾಲು ಮಾತ್ರ ಕಾಣುತ್ತಿತ್ತು. 'ಇಂದು ಸಂಜೆ ನಾಲ್ಕಕ್ಕೆ ಹೈಸ್ಕೂಲ್ ಮೈದಾನದಲ್ಲಿ ಸ್ಮರಣಾರ್ಥ ಹುಡುಗಿಯರ ಫುಟ್‌ಬಾಲ್ ಫೈನಲ್.'

'ಬರ್ತೀನಿ ಅಂದಿದ್ದೆ ಅಲ್ವಾ ಪ್ರೇಮ್... ಫೋಟೋ ತಂದ್ಕೊಡ್ತೀನಿ ಅಂದಿದ್ದೆ... ಹೀಗಾ ಬರೋದು?'

ಅದು ಎಸ್ಸೆಸ್ಸೆಲ್ಸಿ ವರ್ಷದ ಮಾತು. ದೊಡ್ಡನೆಕ್ಕುಂದಿಯ ಸುಕನ್ಯ ಹಲಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಕೊನೆಯ ಪರೀಕ್ಷೆಯ ದಿನ ಪ್ರೇಮ್ ಗೇಟಿನ ಹತ್ತಿರ ಕಾದು ನಿಂತಿದ್ದ.

"ನಮ್ ಕ್ಲಾಸ್ ಗ್ರೂಪ್ ಫೋಟೋ ಬಂದ್ಮೇಲೆ ನಾನೇ ನಿಮ್ಮೂರಿಗೆ ತಂದ್ಕೊಡ್ತೀನಿ. ಆವಾಗ ನಿಂಗೊಂದು ವಿಷ್ಯ ಹೇಳ್ಬೇಕು" ಎಂದಿದ್ದ.

ಅವನು ಬರಲೇ ಇಲ್ಲ. ಅವಳು ಕಾದಳು, ಕೋಪಿಸಿಕೊಂಡಳು, ಹಳೆಯ ನಂಬರನ್ನೇ ಬಿಸಾಡಿದಳು. ಆ ಶಾಲೆಯವರ ಸಹವಾಸವೇ ಬೇಡ ಎಂದಳು. ಆದರೂ ನೋಡಲು ಬಂದ ಗಂಡುಗಳಲ್ಲೆಲ್ಲ ಏನಾದರೊಂದು ಕೊಂಕು ತೆಗೆದು ವಾಪಸು ಕಳಿಸಿದಳು.

ಮೈದಾನದವರೆಗೂ ಅವಳು ಓಡಿಯೇ ಹೋದಳು.

ಅಲ್ಲಿ ಯಾರೋ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಗೋಲ್ ಕಂಬದ ಹಿಂದೆ ಏಣಿ ಹತ್ತಿ ನಿಂತ ಒಬ್ಬ, ಅಂಥದ್ದೇ ಇನ್ನೊಂದು ಫ್ಲೆಕ್ಸಿನ ಹಗ್ಗ ಬಿಚ್ಚುತ್ತಿದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿದ.

ಪ್ರೇಮ್!

ಮೀಸೆ ಬಂದಿತ್ತು, ಭುಜ ಅಗಲವಾಗಿತ್ತು. ತುಟಿ ಮಾತ್ರ ಹಾಗೇ ಇತ್ತು.

"ಸು... ಸುಕನ್ಯಾ?"

ಅವನು ಏಣಿ ಇಳಿಯುವಷ್ಟರಲ್ಲಿ ಅವಳು ಹತ್ತಿರ ಬಂದಿದ್ದಳು. ಅವನ ತೋಳು ಮುಟ್ಟಿದಳು. ಬೆಚ್ಚಗಿತ್ತು. ಅಷ್ಟು ಸಾಕಾಗಿತ್ತು, ಎರಡೂ ಕೈಯಲ್ಲಿ ಅವನ ಎದೆಗೆ ಗುದ್ದಿದಳು.

"ಬದುಕಿದ್ದೀಯಾ? ಬದುಕಿದ್ದೀಯಾ ನೀನು? ನನ್ ಜೀವಾನೇ ಹೋಗಿತ್ತಲ್ಲೋ!"

"ಬದುಕಿದ್ದೀನಿ ಬದುಕಿದ್ದೀನಿ! ಹೊಡ್ದು ಸಾಯಿಸ್ಬೇಡ" ಎಂದು ಅವನು ಹಿಂದೆ ಸರಿದ. "ಬೆಳಿಗ್ಗೆಯಿಂದ ಇದೇ ಗೋಳು. ನಾನು ಮೆಟ್ರೋ ಓಡಿಸ್ತೀನಿ. ಡ್ಯೂಟಿಗೆ ಹೋದ್ರೆ ಸ್ಟೇಷನ್‌ನಲ್ಲಿ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದ್ರು. ಸತ್ತ ಅಂತ ಸುದ್ದಿಯಾದ್ರೆ ಆಯಸ್ಸು ಜಾಸ್ತಿಯಂತೆ, ಬಿಡು."

"ಮೆಟ್ರೋನಾ? ನಾನು ಕೆ.ಆರ್. ಪುರದಿಂದ ದಿನಾ ಅದ್ರಲ್ಲೇ ಬರ್ತೀನಿ!"

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ನಗುತ್ತಲೇ ಕೇಳಿದಳು, "ಹಾಗಾದ್ರೆ ಈ ಶ್ರದ್ಧಾಂಜಲಿ... ಯಾರ್ದು?"

ಪ್ರೇಮ್‌ನ ಮುಖ ಇಳಿಯಿತು.

"ಮುನೀರ್‌ದು."

ಮುನೀರ್! ಪ್ರೇಮ್‌ನ ಬೆಂಚಿನಲ್ಲೇ ಕೂರುತ್ತಿದ್ದ ಶಿವಾಜಿನಗರದ ಹುಡುಗ, ಶಾಲೆಯ ಗೋಲ್‌ಕೀಪರ್. ಗಣಿತದಲ್ಲಿ ಸೊನ್ನೆ ಬಂದಾಗ, 'ಫುಟ್‌ಬಾಲ್ ಥರಾನೇ ದುಂಡಗಿದೆ ಸಾರ್' ಎಂದು ಮೇಷ್ಟ್ರನ್ನೇ ನಗಿಸಿದವನು.

"ಮೂರು ತಿಂಗಳಾಯ್ತು. ಡೆಂಗ್ಯೂ. ಒಂದೇ ವಾರ ಅಷ್ಟೇ... ಐದು ವರ್ಷದಿಂದ ದಿನಾ ಬೆಳಿಗ್ಗೆ ಇಲ್ಲಿ ಹುಡುಗೀರಿಗೆ ಆಟ ಹೇಳ್ಕೊಡ್ತಿದ್ದ. ಇವತ್ತು ಫೈನಲ್ ಆಡ್ತಿರೋದು ಅವನ ಟೀಮೇ."

ಸುಕನ್ಯ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕುಳಿತಳು. ಸತ್ತದ್ದು ಪ್ರೇಮ್ ಅಲ್ಲ ಎಂದು ಒಂದು ಗಳಿಗೆ ಎಷ್ಟು ಹಿಗ್ಗಿದ್ದಳು! ಆ ಹಿಗ್ಗು ನೆನೆದು ಈಗ ಮುಖ ಮುಚ್ಚಿಕೊಂಡು ಅತ್ತಳು.

'ಕ್ಷಮಿಸು ಮುನೀರ್... ನಿನ್ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ.'

ಅಷ್ಟರಲ್ಲಿ ಕಂಕುಳಲ್ಲಿ ಒಂದು ದೊಡ್ಡ ಚೌಕಟ್ಟು ಹಿಡಿದು ಹಸನ್ ಬಂದ. ಅವನೂ ಅದೇ ಕ್ಲಾಸಿನವನು, ಈ ಪಂದ್ಯದ ಓಡಾಟವೆಲ್ಲ ಅವನದೇ. ಅಳುತ್ತಿದ್ದ ಸುಕನ್ಯಳನ್ನು ನೋಡಿ ಹಣೆ ಚಚ್ಚಿಕೊಂಡ.

"ತಪ್ಪೆಲ್ಲ ನಂದೇ ಸುಕನ್ಯ. ಮುನೀರ್ ಅಮ್ಮಿಗೆ ನಮ್ ಗ್ರೂಪ್ ಫೋಟೋದಲ್ಲಿರೋ ಅವನ ಮುಖಾನೇ ಬೇಕಂತೆ. ಕೆಳಗೆ ಹೆಸರು ಹಾಕಿರ್ತಾರಲ್ಲ, ಅದನ್ನೇ ಎಣಿಸಿ, ಹಿಂದಿನ ಸಾಲು ಎಡದಿಂದ ನಾಲ್ಕನೇವ್ನು ಅಂತ ಫ್ಲೆಕ್ಸ್ ಅಂಗಡಿಗೆ ಮೆಸೇಜ್ ಹಾಕ್ಬಿಟ್ಟೆ. ಅವರೇ ಪ್ರಿಂಟ್ ಮಾಡಿ ಕಟ್ಟಿಬಿಟ್ರು."

"ಮುಖ ನೋಡ್ಲಿಲ್ವಾ ನೀನು?"

"ಧೈರ್ಯ ಬರ್ಲಿಲ್ಲ" ಎಂದ ಹಸನ್. "ಅವನು ಹೋದ್ಮೇಲೆ ಅವನ ಫೋಟೋ ನೋಡಕ್ಕೇ ಆಗ್ತಿಲ್ಲ... ಹೊಸದು ಪ್ರಿಂಟ್ ಆಗ್ತಿದೆ. ನಾಲ್ಕು ಗಂಟೆ ಒಳಗೆ ಬರ್ಲೇಬೇಕು. ಮಗನ ಜಾಗದಲ್ಲಿ ಬೇರೆಯವರ ಮುಖ ಕಂಡ್ರೆ ಅಮ್ಮಿಗೆ ಹೆಂಗಾಗುತ್ತೆ!"

ಸುಕನ್ಯ ಚೌಕಟ್ಟನ್ನು ಕೈಗೆ ತೆಗೆದುಕೊಂಡಳು. ಯಾವ ಫೋಟೋಗಾಗಿ ಅಷ್ಟು ಕಾದಿದ್ದಳೋ, ಅದನ್ನು ಇವತ್ತು ಮೊದಲ ಸಲ ನೋಡುತ್ತಿದ್ದಳು.

ಹೆಸರುಗಳ ಪ್ರಕಾರ ಹಿಂದಿನ ಸಾಲಿನ ನಾಲ್ಕನೆಯವನು ಮುನೀರ್, ಬಲತುದಿಯವನು ಪ್ರೇಮ್‌ಕುಮಾರ್. ಫೋಟೋದಲ್ಲಿ ಮಾತ್ರ ಉಲ್ಟಾ. ಬಲತುದಿಯಲ್ಲಿ ನಿಂತ ಮುನೀರ್ ಬಾಯ್ತುಂಬ ನಗುತ್ತಿದ್ದ. ನಾಲ್ಕನೆಯ ಜಾಗದಲ್ಲಿ, ತನ್ನ ಬೆನ್ನ ಹಿಂದೆಯೇ...

"ಪ್ರೇಮ್, ನೀನ್ಯಾಕೆ ಇಲ್ಲಿದ್ದೀಯಾ? ಪಿ.ಟಿ. ಮೇಷ್ಟ್ರು ಲಿಸ್ಟ್ ಓದಿ ನಿಲ್ಸಿದ್ರಲ್ಲ?"

ಹಸನ್ ಸುಮ್ಮಸುಮ್ಮನೆ ಕೆಮ್ಮಿದ. "ಹೇಳು ಮಗಾ. ಇವತ್ತೂ ಹೇಳ್ಲಿಲ್ಲ ಅಂದ್ರೆ ಆ ಫ್ಲೆಕ್ಸೇ ನಿಜ ಮಾಡ್ತೀನಿ."

ಪ್ರೇಮ್ ಕತ್ತು ತಗ್ಗಿಸಿ ಹೇಳಿದ.

"ನಿನ್ ಹಿಂದೆ ನಿಂತ್ಕೋಬೇಕು ಅನ್ನಿಸ್ತು. ಮುನೀರ್‌ನ ಕೇಳ್ದೆ. ಲಿಸ್ಟ್ ಓದಿ ಮುಗೀತಿದ್ದಂಗೆ ಬೆಂಚ್ ಹಿಂದಿಂದ ಬಗ್ಗಿಕೊಂಡು ನನ್ ಜಾಗಕ್ಕೆ ಬಂದು, ಅವನ ಜಾಗ ನಂಗೆ ಬಿಟ್ಕೊಟ್ಟ."

ಅವಳು ಎದ್ದು ನಿಂತಳು. "ಮತ್ತೆ... ಫೋಟೋ ಯಾಕೆ ತಂದ್ಕೊಡ್ಲಿಲ್ಲ?"

"ಇಲ್ಲಿ ನೋಡು." ಅವನು ಬೆರಳಿಟ್ಟು ತೋರಿಸಿದ. "ಇಡೀ ಕ್ಲಾಸು ಕ್ಯಾಮೆರಾ ನೋಡ್ತಿದೆ. ನೀನೊಬ್ಳು ಮಾತ್ರ ಬಲಗಡೆ ತಿರುಗಿ ಮುನೀರ್‌ನ ನೋಡ್ತಿದ್ದೀಯಾ. ಫೋಟೋ ನನ್ ಕೈಗೆ ಬಂದ ದಿನಾನೇ ಗೊತ್ತಾಯ್ತು, ನಿಂಗೆ ಅವನಿಷ್ಟ ಅಂತ. ಅವನು ನಂಗೆ ಜಾಗ ಬಿಟ್ಕೊಟ್ಟಿದ್ದ... ನಾನು ಅವನಿಗೆ ಅಡ್ಡ ಬರಕ್ಕಾಗುತ್ತಾ?"

ಸುಕನ್ಯ ಚೌಕಟ್ಟನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಆಮೇಲೆ ಒಮ್ಮೆಲೇ ಸಿಡಿದಳು.

"ಪೆದ್ದ! ಹನ್ನೊಂದು ವರ್ಷದ ಪೆದ್ದ ನೀನು! ಮೇಷ್ಟ್ರು 'ಪ್ರೇಮ್‌ಕುಮಾರ್, ಬಲಗಡೆ ಕೊನೇಲಿ' ಅಂತ ಓದಿದ್ದು ಕೇಳಿಸ್ಕೊಂಡಿದ್ದೆ ಕಣೋ! ನೀನು ಅಲ್ಲಿರ್ತೀಯಾ ಅಂತ ತಿರುಗಿದ್ದು. ನೋಡಿದ್ರೆ ಮುನೀರ್ ಹಲ್ಲು ಕಿರೀತಿದ್ದ. ಪ್ರೇಮ್ ಎಲ್ಲೋದ ಅಂತ ಹುಡುಕ್ತಿರೋ ಕಣ್ಣು ಅದು!"

ಪ್ರೇಮ್ ಫೋಟೋ ನೋಡಿದ. ಅವಳನ್ನು ನೋಡಿದ. ಮತ್ತೆ ಫೋಟೋ ನೋಡಿದ.

"ನನ್ನನ್ನಾ...?"

"ಇನ್ಯಾರ್ನ? ನಾನು ನಿನ್ನನ್ನೇ ಹುಡುಕ್ತಿದ್ದೆ. ನೀನು ನನ್ ಬೆನ್ನ ಹಿಂದೇನೇ ಇದ್ದೆ..."

"ಹಾಯ್ ಅಲ್ಲಾ!" ಹಿಂದಿನಿಂದ ಒಂದು ದನಿ ಕೇಳಿಸಿತು. ಮುನೀರ್‌ನ ತಾಯಿ ಜಹನಾರಾ. ಯಾವಾಗ ಬಂದಿದ್ದರೋ, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಚೌಕಟ್ಟಿನ ಬಲತುದಿಯನ್ನು ಬೆರಳಿನಿಂದ ಸವರಿದರು.

"ಹನ್ನೊಂದು ವರ್ಷ ಅವನ್ನ ಕೇಳ್ತಾನೇ ಇದ್ದೆ ಬೇಟಿ. ಎಲ್ಲಾರೂ ಸೀರಿಯಸ್ಸಾಗಿ ನಿಂತವ್ರೆ, ನೀನೊಬ್ಬ ಯಾಕೋ ಹಿಂಗೆ ನಗ್ತಿದ್ದೀಯಾ ಅಂತ. 'ಅದೊಂದು ದೊಡ್ಡ ಗೋಲು ಅಮ್ಮಿ, ಆಮೇಲೆ ಹೇಳ್ತೀನಿ' ಅಂತಿದ್ದ. ಇದೇನಾ ಆ ಗೋಲು?"

ಅವರ ಕಣ್ಣು ತುಂಬಿತ್ತು, ಆದರೂ ಅವರು ನಗುತ್ತಿದ್ದರು. ಥೇಟ್ ಮಗನದೇ ನಗು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಹೊಸ ಫ್ಲೆಕ್ಸ್ ಬಂತು. ಪ್ರೇಮ್ ಮತ್ತು ಸುಕನ್ಯ ಆಚೆ ಈಚೆ ಹಗ್ಗ ಹಿಡಿದು ಎಳೆದು ಕಟ್ಟಿದರು. ಮುನೀರ್ ಬಾಯ್ತುಂಬ ನಗುತ್ತಾ ಗೋಲ್ ಕಂಬದ ಹಿಂದೆ ಎದ್ದು ನಿಂತ! ಯಾರೋ ಹಾರ ತಂದರು.

"ಹಾರ ಬೇಡ ಬೇಟಾ, ನಮ್ಮಲ್ಲಿ ಹಾಕಲ್ಲ" ಎಂದರು ಜಹನಾರಾ. "ಕಪ್ ಗೆದ್ದು ಅವನ ಮುಂದೆ ಇಡಿ. ಅದೇ ಸಾಕು."

ಹುಡುಗಿಯರು ಹಾಗೆಯೇ ಆಡಿದರು. ಮೊದಲರ್ಧದಲ್ಲಿ ಎದುರಾಳಿ ಒಂದು ಗೋಲು ಹೊಡೆಯಿತು. ಅರ್ಧ ಗಂಟೆಯಲ್ಲಿ ಅದು ಸಮವಾಯಿತು. ಕೊನೆಯ ನಿಮಿಷದಲ್ಲಿ ಕ್ಯಾಪ್ಟನ್ ಶಿರೀನ್ ಮೂವರನ್ನು ದಾಟಿ ಒದ್ದ ಚೆಂಡು, ನಗುತ್ತಿದ್ದ ಮುನೀರ್‌ನ ಎದುರಿಗೇ ಬಲೆಗೆ ಬಿತ್ತು!

"ಗೋಲ್!"

ಸುಕನ್ಯ ಕುಣಿದಾಡಿದಳು. ಹಸನ್ ಅಳುತ್ತಾ ಶಿಳ್ಳೆ ಹೊಡೆದ. ಕೆಸರು ಮೆತ್ತಿದ ಹುಡುಗಿಯರು ಕಪ್ಪನ್ನು ಹೊತ್ತು ತಂದು ತಮ್ಮ ಕೋಚ್‌ನ ಮುಂದಿಟ್ಟು, "ಮುನೀರ್ ಸಾರ್‌ಗೆ ಜೈ!" ಎಂದು ಕೂಗಿದ್ದು ಕೆರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಹಸನ್ ಈಗ ಅವನ ಮುಖವನ್ನು ನೇರವಾಗಿ ನೋಡಿದ.

ಫೋಟೋ ತೆಗೆಯಲು ಎಲ್ಲರೂ ಸಾಲಾಗಿ ನಿಂತರು. ಜಹನಾರಾ ನಡುವೆ ಕುಳಿತರು. ಪ್ರೇಮ್ ಅವತ್ತಿನಂತೆಯೇ ಮೆಲ್ಲಗೆ ಸುಕನ್ಯಳ ಹಿಂದಕ್ಕೆ ಸರಿದ.

ಅವಳು ಅವನ ಕೈ ಹಿಡಿದು ಎಳೆದಳು.

"ಹಿಂದೆ ಬೇಡ. ಪಕ್ಕದಲ್ಲಿ ನಿಂತ್ಕೋ."

"ಈ ಫೋಟೋಗಾ?"

"ಎಲ್ಲಾ ಫೋಟೋಗೂ."

ಅವನ ತುಟಿಗೆ ಈ ಸಲ ಅನುಮಾನವೇ ಬರಲಿಲ್ಲ, ಪೂರ್ತಿ ನಕ್ಕಿತು. "ನಾಳೆ ನಿಮ್ಮೂರಿಗೆ ಬರ್ತೀನಿ. ಆ ಹಳೇ ಫೋಟೋ ತಂದ್ಕೊಡ್ಬೇಕು, ಒಂದು ವಿಷ್ಯಾನೂ ಹೇಳ್ಬೇಕು."

"ವಿಷ್ಯ ಈಗ್ಲೇ ಹೇಳು. ನಿನ್ನ ನಂಬಕ್ಕಾಗಲ್ಲ."

ಅವನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ಸುಕನ್ಯ ಅವನ ಕಡೆ ತಿರುಗಿದಳು, ಅದೇ ಹೊತ್ತಿಗೆ ಕ್ಯಾಮೆರಾ ಕ್ಲಿಕ್ಕಿಸಿತು.

"ಅಯ್ಯೋ, ಮೇಡಂ ಮತ್ತೆ ಕ್ಯಾಮೆರಾ ನೋಡ್ಲಿಲ್ಲ!" ಎಂದು ಹಸನ್ ಕೂಗಿದ. "ಇನ್ನೊಂದು ತೆಗೀರಿ!"

"ಬೇಡ" ಎಂದಳು ಸುಕನ್ಯ. "ಈ ಸಲ ನಾನು ಹುಡುಕಿದ ಕಡೆನೇ ಇದ್ದಾನೆ."