ಬರೋದಕ್ಕೆ ಅರ್ಧ ಗಂಟೆ ಹೆಚ್ಚು

"ಮೇಡಂ, ಎರಡು ಗಂಟೆಗೆ ವಿಮಾನ. ಇದನ್ನ ಸರಿ ಮಾಡಿಕೊಡದಿದ್ರೆ ಯಾವ ಗೇಟು ಅಂತಾನೂ ಕಾಣಲ್ಲ ನಂಗೆ."

ಕನ್ನಡಕದ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಕಡ್ಡಿ ಕಳಚಿದ ಕನ್ನಡಕವೊಂದು ಬಂದು ಕೂತಿತು. ಕೌಂಟರಿನ ಹಿಂದೆ ಕೂತಿದ್ದ ಅವಳು ತಲೆ ಎತ್ತಿದಳು. ಅಂಗಿಯ ಜೇಬಿನ ಮೇಲೆ ಲಿಫ್ಟ್ ಕಂಪನಿಯ ಹೆಸರು. ಕಣ್ಣು ಕಿರಿದು ಮಾಡಿಕೊಂಡು ತನ್ನನ್ನೇ ನೋಡುತ್ತಿದ್ದಾನೆ. ಅವನಿಗೆ ಅವಳು ಮಸುಕಾಗಿ ಕಂಡಿರಬೇಕು. ಅವಳಿಗೆ ಮಾತ್ರ ಅವನು ಸ್ಪಷ್ಟವಾಗಿ ಕಂಡ... ಎದೆಯೊಳಗೆ ಏನೋ ಝಲ್ಲೆಂದಿತು.

ಅವತ್ತಿನಿಂದ ಅವನು ತಿಂಗಳಿಗೊಮ್ಮೆ ಬಂದ. ಅವನ ಊರಿಗೂ ಈ ಊರಿಗೂ ವಿಮಾನದಲ್ಲಿ ಸಾವಿರದ ಇನ್ನೂರು ಕಿಲೋಮೀಟರ್. ಎದುರಿನ ಆಸ್ಪತ್ರೆಗೆ ಲಿಫ್ಟ್ ಕೂರಿಸುವ ಕೆಲಸ. ಅಂಗಡಿಗೆ ಬಂದರೆ ಒಂದೇ ಮಾತು, "ಸ್ಕ್ರೂ ಮತ್ತೆ ಸಡಿಲ ಆಗಿದೆ."

"ಸಡಿಲ ಆಗಿರೋದು ಕನ್ನಡಕದ್ದಾ, ತಲೇದಾ?" ಎಂದು ಅವಳ ಅಕ್ಕ ಅಂಗಡಿಯ ಒಳಗಿನಿಂದ ಕಿಚಾಯಿಸುತ್ತಿದ್ದಳು.

ಆರನೇ ತಿಂಗಳು ಹೊರಡುವಾಗ ಅವನು ಅಂದ, "ಹೋಗೋದು ಬೇಗ ಆಗಿಬಿಡುತ್ತೆ. ಬರೋದೇ ಕಷ್ಟ ನೋಡಿ, ಅರ್ಧ ಗಂಟೆ ಹೆಚ್ಚು."

ಅವಳ ಮುಖ ಬಾಡಿತು. ಅದೇ ದೂರ, ಅದೇ ವಿಮಾನ. ಮನೆಗೆ ಹೋಗುವಾಗ ಹತ್ತಿರ, ನನ್ನೂರಿಗೆ ಬರುವಾಗ ದೂರವೇ? ಮನಸ್ಸಿದ್ದರೆ ತಾನೇ ದಾರಿ ಸವೆಯೋದು...

ಉರಿಯುವ ಬೆಂಕಿಗೆ ಅಕ್ಕ ತುಪ್ಪ ಸುರಿದಳು. "ಮಧ್ಯದಲ್ಲಿ ಎಲ್ಲೋ ಇಳಿದು ಇನ್ಯಾರನ್ನೋ ಮಾತಾಡಿಸಿಕೊಂಡು ಬರ್ತಾನೇನೋ ಕಣೇ."

"ಅದೇನು ಬಸ್ಸೇನೇ ಅಕ್ಕಾ?" ಎಂದಳು. ಆದರೂ ಹುಳ ತಲೆಯೊಳಗೆ ಹೊಕ್ಕಾಗಿತ್ತು.

ಮುಂದಿನ ಸಲ ಅವನು ಬಂದಾಗ ಅವಳು ಮುಖ ಕೊಟ್ಟು ಮಾತಾಡಲಿಲ್ಲ.

"ಲಿಫ್ಟ್ ಕೆಲಸ ಇವತ್ತಿಗೆ ಮುಗೀತು. ಇನ್ನು ಕಂಪನಿ ನನ್ನನ್ನ ಇಲ್ಲಿಗೆ ಕಳಿಸಲ್ಲ," ಎಂದ.

ಎದೆ ಕುಸಿಯಿತು. ಬಾಯಿ ಮಾತ್ರ ಬಿಗುಮಾನ ಬಿಡಲಿಲ್ಲ. "ಒಳ್ಳೇದೇ ಆಯ್ತು. ನಿಮಗೆ ಬರೋದು ಕಷ್ಟ ಅಲ್ವಾ? ನೀವೇ ಅಂದ್ರಲ್ಲ, ಅರ್ಧ ಗಂಟೆ ಹೆಚ್ಚು ಅಂತ."

ಅವನು ಪೆಚ್ಚಾಗಿ ನಿಂತ. ಆಮೇಲೆ ನಗು ತಡೆಯಲಾಗಲಿಲ್ಲ. "ಅದು ಗಾಳಿ ಕಣ್ರೀ. ಬರೋವಾಗ ಎದುರು ಗಾಳಿ, ವಿಮಾನ ನಿಧಾನ ಆಗುತ್ತೆ. ಹೋಗೋವಾಗ ಅದೇ ಗಾಳಿ ಹಿಂದಿನಿಂದ ನೂಕುತ್ತೆ. ಇಲ್ಲಿ ಇಳಿಯೋವರೆಗೆ ಗಡಿಯಾರ ನೋಡೋದೇ ನನ್ನ ಕೆಲಸ. ಕಷ್ಟ ಅಂದಿದ್ದು ಅದಕ್ಕೆ."

ಗಾಳಿಯ ತಪ್ಪಿಗೆ ತಿಂಗಳೆಲ್ಲ ಇವನನ್ನು ಬೈದುಕೊಂಡೆನಲ್ಲ... ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

"ಇನ್ನೊಂದು ನಿಜ ಹೇಳ್ಲಾ?" ಅವನ ದನಿ ತಗ್ಗಿತು. "ಆ ಸ್ಕ್ರೂ ತಾನಾಗೇ ಸಡಿಲ ಆಗ್ತಿರಲಿಲ್ಲ. ವಿಮಾನ ಇಳಿದ ತಕ್ಷಣ ಒಂದು ಸುತ್ತು ನಾನೇ ತಿರುಗಿಸ್ತಿದ್ದೆ."

"ಗೊತ್ತು," ಎಂದಳು. "ನಾನೂ ಒಂದು ಸುತ್ತು ಬಿಟ್ಟೇ ಬಿಗಿ ಮಾಡ್ತಿದ್ದೆ."

ಒಳಗೆ ಅಕ್ಕ ಸುಮ್ಮಸುಮ್ಮನೆ ಕೆಮ್ಮಿದಳು.

"ಆಸ್ಪತ್ರೆಯವರು ಲಿಫ್ಟ್ ನೋಡ್ಕೊಂಡು ಇಲ್ಲೇ ಇರು ಅಂತಿದ್ದಾರೆ. ಸಂಜೆಯೊಳಗೆ ಹೇಳಬೇಕು. ನಂಗೆ ನೀವು ಬೇಕು, ಅದಕ್ಕೇ ಕೇಳ್ತಿದೀನಿ... ಇರ್ಲಾ?"

ಅವಳು ಅವನ ಕನ್ನಡಕ ತೆಗೆದುಕೊಂಡು, ಸ್ಕ್ರೂವನ್ನು ಮೊದಲ ಸಲ ಪೂರ್ತಿ ಬಿಗಿ ಮಾಡಿದಳು. ಬಟ್ಟೆಯಲ್ಲಿ ಒರೆಸಿ ತಾನೇ ಅವನ ಮುಖಕ್ಕೆ ಹಾಕಿದಳು.

"ಈಗ ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ. ವಾಪಸ್ ಟಿಕೆಟ್ ಏನು ಮಾಡ್ಲಿ?"

"ಎದುರು ಗಾಳೀಲಿ ಅಷ್ಟು ದೂರದಿಂದ ಬಂದವರನ್ನ ಅದೇ ಗಾಳಿ ಕೈಗೆ ಕೊಟ್ಟು ಕಳಿಸ್ತಾರೇನ್ರೀ?"